ನಮ್ಮದೇ ಸರ್ವರ್ ಬೇಕಾ? ಎರಡು ವರ್ಷ ಇದ್ದು ಬಂದವಳ ಮಾತು

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶಗಳಲ್ಲಿರುವ ನಮ್ಮ ಕನ್ನಡದವರ ಗುಂಪನ್ನು ಫೇಸ್‌ಬುಕ್, ವಾಟ್ಸಾಪ್‌ಗಳಿಂದ ತೆಗೆದು ಮಾಸ್ಟೋಡಾನ್ ಅನ್ನುವ ಸಾಮಾಜಿಕ ಜಾಲದಲ್ಲಿ ನಮ್ಮದೇ ಒಂದು ಸಣ್ಣ ಸರ್ವರಿಗೆ ಒಯ್ಯೋಣ ಅನ್ನುವ ಮಾತು ಎರಡು ವಾರದಿಂದ ನಡೆಯುತ್ತಿದೆ. ಪರವಾಗಿ ಬರೆದವರ ಉತ್ಸಾಹ ಕಂಡು ಖುಷಿಯಾಯಿತು. ನಾನು ಅಂಥ ಒಂದು ಸರ್ವರಿನಲ್ಲಿ ಎರಡು ವರ್ಷಕ್ಕೂ ಜಾಸ್ತಿ ಇದ್ದವಳು. ಅಲ್ಲಿ ಸಿಕ್ಕಿದ್ದು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕಳೆದುಕೊಂಡದ್ದೂ ಇದೆ. ಎರಡನ್ನೂ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

2022ರ ಅಕ್ಟೋಬರಿನಲ್ಲಿ ಈಲಾನ್ ಮಸ್ಕ್ ಟ್ವಿಟರ್ ಕೊಂಡರು. ಆಗ ಬಹಳ ಜನ ಅದನ್ನು ಬಿಟ್ಟು ಮಾಸ್ಟೋಡಾನ್‌ಗೆ ಬಂದರು. ನಾನೂ ಅವರ ಹಿಂದೆಯೇ ಬಂದೆ. ಮಗಳಿಗೆ ಆಗ ನಾಲ್ಕು ವರ್ಷ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಬೇರೆ ಭಾಷೆ. ಅವಳು ದಿನವೂ ಹೇಳುವ ಕನ್ನಡದ ಒಂದು ಮಾತನ್ನು ರಾತ್ರಿ ಅಲ್ಲಿ ಬರೆದಿಡಲು ಶುರುಮಾಡಿದೆ. ಒಂದು ದಿನ "ಅಮ್ಮಾ, ನನ್ನ ಕಾಲಿಗೆ ನಿದ್ದೆ ಬಂದಿದೆ" ಅಂದಳು. ಶಾಲೆಯ ಭಾಷೆಯಲ್ಲಿ ಹಾಗೆ ಹೇಳುತ್ತಾರೆ, ಅದನ್ನೇ ಕನ್ನಡಕ್ಕೆ ತಂದಿದ್ದಳು. ನನಗೂ ತಕ್ಷಣ ಸರಿಯಾದ ಮಾತು ಹೊಳೆಯಲಿಲ್ಲ. ಹಾಗೇ ಬರೆದು ಹಾಕಿದೆ. ಬೆಳಗಾಗುವಷ್ಟರಲ್ಲಿ ಬೇರೆ ಯಾವುದೋ ಸರ್ವರಿನಲ್ಲಿದ್ದ ಹಿರಿಯರೊಬ್ಬರು ಉತ್ತರ ಬರೆದಿದ್ದರು: "ಅದಕ್ಕೆ ಜೋಮು ಹಿಡಿದಿದೆ ಅಂತಾರೆ, ಪುಟ್ಟಿಗೆ ಹೇಳಮ್ಮ." ಆ ಪದ ಮಗಳಿಗೆ ಎಷ್ಟು ಹಿಡಿಸಿತು ಅಂದರೆ ಒಂದು ವಾರ ಮನೆಯಲ್ಲಿ ಕೈಗೂ ಜೋಮು, ಕಾಲಿಗೂ ಜೋಮು, ಮೂಗಿಗೂ ಜೋಮು.

ನಾನು ಯಾರೋ, ಅವರು ಯಾರೋ. ಬೇರೆ ಬೇರೆ ಸರ್ವರಿನವರು. ಆದರೂ ಮಾತು ತಲುಪಿತು. ಮಾಸ್ಟೋಡಾನ್ ಅಂದರೆ ಒಂದೇ ಜಾಲತಾಣ ಅಲ್ಲ. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಂಡು ನಡೆಸಬಹುದು. ಆ ಸರ್ವರುಗಳು ಒಂದರ ಜೊತೆ ಒಂದು ಮಾತಾಡುವ ರೀತಿಗೆ ಆಕ್ಟಿವಿಟಿಪಬ್ ಅಂತ ಹೆಸರು. 2018ರಲ್ಲಿ ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದನ್ನು ಅಧಿಕೃತ ಮಾನದಂಡ ಮಾಡಿತು. ಫೋಟೋಗಳ ಪಿಕ್ಸೆಲ್‌ಫೆಡ್, ವಿಡಿಯೋಗಳ ಪಿಯರ್‌ಟ್ಯೂಬ್ ಕೂಡ ಅದೇ ರೀತಿಯಲ್ಲಿ ಮಾತಾಡುತ್ತವೆ.

ಅಲ್ಲಿ ಜಾಹೀರಾತು ಇಲ್ಲ. ನೀವು ಫಾಲೋ ಮಾಡುವವರು ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಕಾಣುತ್ತದೆ. ಯಾವುದನ್ನು ಮೇಲೆ ತರಬೇಕು, ಯಾವುದನ್ನು ಮುಚ್ಚಿಡಬೇಕು ಅಂತ ನಡುವೆ ಕೂತು ತೀರ್ಮಾನಿಸುವವರಿಲ್ಲ. ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರ, ಅಷ್ಟರಲ್ಲಿ ಒಂದು ವಿಷಯ ನೆಮ್ಮದಿಯಾಗಿ ಹೇಳಬಹುದು. ಪೋಸ್ಟಿಗೆ ಇದು ಕನ್ನಡ ಅಂತ ಗುರುತು ಹಾಕಬಹುದು, ಓದುವವರು ಭಾಷೆ ನೋಡಿ ಆರಿಸಿಕೊಳ್ಳಬಹುದು. ಸಣ್ಣ ಭಾಷೆಯ ಗುಂಪಿಗೆ ಇದು ದೊಡ್ಡ ಅನುಕೂಲ. ಫೇಸ್‌ಬುಕ್‌ನಲ್ಲಿ ನಾನು ಕನ್ನಡದಲ್ಲಿ ಬರೆದದ್ದು ಅರ್ಧ ಜನಕ್ಕೆ ಕಾಣಿಸುತ್ತಲೇ ಇರಲಿಲ್ಲ ಅನ್ನುವ ಅನುಮಾನ ನನಗೆ ಯಾವಾಗಲೂ ಇತ್ತು. ಇಲ್ಲಿ ಹತ್ತೇ ಜನ ಓದಿದರೂ ಆ ಹತ್ತು ಜನ ಯಾರು ಅಂತ ಗೊತ್ತಿರುತ್ತಿತ್ತು.

ಇನ್ನೊಂದು ಒಳ್ಳೆಯ ಸಂಗತಿ. ಯಾರೋ ಒಬ್ಬರು ನನ್ನ ಪೋಸ್ಟುಗಳ ಕೆಳಗೆ ಕೆಟ್ಟದಾಗಿ ಬರೆಯುತ್ತಿದ್ದರು. ಸರ್ವರ್ ನಡೆಸುವ ಅಡ್ಮಿನ್‌ಗೆ ದೂರು ಕೊಟ್ಟೆ. ಒಂದು ಗಂಟೆಯೊಳಗೆ ಆ ಖಾತೆಯನ್ನು ತಡೆದು, "ಆಯ್ತು ಮೇಡಂ, ಮತ್ತೆ ಬಂದರೆ ಹೇಳಿ" ಅಂತ ಅವರೇ ಬರೆದರು. ದೊಡ್ಡ ಜಾಲತಾಣಗಳಲ್ಲಿ ನಾನು ಎಷ್ಟು ಸಲ ದೂರು ಕೊಟ್ಟಿದ್ದೇನೆ. ಉತ್ತರ ಬರೆದವರು ಮನುಷ್ಯರು ಅಂತ ಒಮ್ಮೆಯೂ ಅನ್ನಿಸಿಲ್ಲ.

ಈಗ ಕಳೆದುಕೊಂಡದ್ದರ ಕಥೆ.

ಆ ಸರ್ವರ್ ನಡೆಸುತ್ತಿದ್ದವರು ಒಬ್ಬರೇ. ಅವರಿಗೂ ಕೆಲಸ, ಮನೆ, ಚಿಕ್ಕ ಮಕ್ಕಳು. ಹಗಲೆಲ್ಲ ದುಡಿದು ಬಂದು ರಾತ್ರಿ ಸರ್ವರ್ ನೋಡಿಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದರೆ ಅಷ್ಟೇನು ಕೆಲಸ ಅನ್ನಿಸುತ್ತದೆ, ಅಲ್ವಾ? ನಾವು ಇನ್ನೂರು ಜನವೂ ಇರಲಿಲ್ಲ. ಆದರೆ ನಾವು ಫಾಲೋ ಮಾಡುವ ಬೇರೆ ಸರ್ವರಿನವರ ಫೋಟೋ, ವಿಡಿಯೋಗಳ ಪ್ರತಿಯೂ ನಮ್ಮ ಸರ್ವರಿನಲ್ಲಿ ಬಂದು ಕೂರುತ್ತದೆ. ಆಗಾಗ ಅಳಿಸದಿದ್ದರೆ ಡಿಸ್ಕ್ ತುಂಬಿಹೋಗುತ್ತದೆ. ಭದ್ರತೆಯ ಅಪ್‌ಡೇಟ್ ಬಂದರೆ ಆ ದಿನವೇ ಹಾಕಬೇಕು. ಸ್ಪ್ಯಾಮ್ ಖಾತೆಗಳನ್ನು ತಡೆಯಬೇಕು. ಜಗಳ ಬಿಡಿಸಬೇಕು. ಒಂದು ದಿನ ಅವರು ಬರೆದರು: ಇನ್ನು ಆಗುವುದಿಲ್ಲ, ಒಂದು ತಿಂಗಳಲ್ಲಿ ಮುಚ್ಚುತ್ತೇನೆ, ಎಲ್ಲರೂ ಬೇರೆ ಕಡೆ ಹೋಗಿ. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಎರಡು ವರ್ಷ ಒಬ್ಬರೇ ಹೊತ್ತ ಭಾರ ಅದು.

ಮಾಸ್ಟೋಡಾನ್‌ನಲ್ಲಿ ಖಾತೆ ಸಾಗಿಸಬಹುದು ಅಂತ ಇಲ್ಲಿ ಕೆಲವರು ಬರೆದಿದ್ದೀರಿ. ನಿಜ. ನನ್ನನ್ನು ಫಾಲೋ ಮಾಡುತ್ತಿದ್ದವರು ತಾವಾಗಿಯೇ ಹೊಸ ಖಾತೆಗೆ ಬಂದರು. ನಾನು ಫಾಲೋ ಮಾಡುವವರ ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಂಡು ಹೊಸ ಕಡೆ ಹಾಕಿದೆ. ಆದರೆ ಬರೆದ ಪೋಸ್ಟುಗಳು ಜೊತೆಗೆ ಬರುವುದಿಲ್ಲ. ಅವನ್ನು ಆರ್ಕೈವ್ ಆಗಿ ಇಳಿಸಿಕೊಳ್ಳಬಹುದು, ಹೊಸ ಸರ್ವರಿಗೆ ಮತ್ತೆ ಏರಿಸಲು ದಾರಿ ಇಲ್ಲ. ಮತ್ತೂ ಒಂದು ವಿಷಯ ನನಗೆ ಫೈಲ್ ತೆರೆದು ನೋಡಿದ ಮೇಲೆ ಗೊತ್ತಾಯಿತು. ಆ ಆರ್ಕೈವಿನಲ್ಲಿ ನಾನು ಬರೆದದ್ದು ಮಾತ್ರ ಇರುತ್ತದೆ. ಬೇರೆಯವರು ಕೊಟ್ಟ ಉತ್ತರ ಇರುವುದಿಲ್ಲ. "ನನ್ನ ಕಾಲಿಗೆ ನಿದ್ದೆ ಬಂದಿದೆ" ಅನ್ನುವ ಸಾಲು ನನ್ನ ಹಾರ್ಡ್ ಡಿಸ್ಕಿನಲ್ಲಿದೆ. "ಜೋಮು" ಹೇಳಿಕೊಟ್ಟವರ ಸಾಲು ಇಲ್ಲ. ಅವರ ಖಾತೆಯ ಹೆಸರನ್ನೂ ನಾನು ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ. ಅಂಥ ಉತ್ತರಗಳು ನೂರಾರು ಇದ್ದವು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ದೊಡ್ಡ ಕಂಪನಿಗಳ ಬಳಿ ಇದ್ದಿದ್ದರೆ ಉಳಿಯುತ್ತಿತ್ತಾ? ಅದನ್ನೂ ಹೇಳಲಾಗದು. ಗೂಗಲ್‌ನ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ನಮ್ಮಲ್ಲಿ ಹಲವರ ಮೊದಲ ಕನ್ನಡದ ಹರಟೆ ಅಲ್ಲೇ ನಡೆದದ್ದು. 2020ರಲ್ಲಿ ಕನ್ನಡದಿಂದಲೇ ಶುರುವಾದ, ಟ್ವಿಟರಿನಂಥ 'ಕೂ' 2024ರ ಜುಲೈಯಲ್ಲಿ ನಿಂತುಹೋಯಿತು. ಎಲ್ಲಿ ಬರೆದರೂ ನಮ್ಮದೊಂದು ಪ್ರತಿ ನಮ್ಮ ಕೈಯಲ್ಲಿರಬೇಕು. ಬ್ಲೂಸ್ಕೈ ಅನ್ನುವ ಇನ್ನೊಂದು ಜಾಲದ ಬಗ್ಗೆಯೂ ಒಬ್ಬರು ಕೇಳಿದ್ದರು. ಬಳಸಲು ಸುಲಭ, ಆದರೆ ಹೆಚ್ಚಿನವರ ಖಾತೆಗಳು ಆ ಕಂಪನಿಯ ಸರ್ವರುಗಳಲ್ಲೇ ಇವೆ, ಹಾಗಾಗಿ ನಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ.

ಈಗ ಮಕ್ಕಳ ವಿಷಯ. ಇದರಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿ.

ಇದು ನಮ್ಮವರೇ ಇರುವ ಜಾಗ, ಮಕ್ಕಳ ಫೋಟೋ ಧೈರ್ಯವಾಗಿ ಹಾಕಬಹುದು ಅಂತ ಒಬ್ಬರು ಬರೆದಿದ್ದಾರೆ. ಆಸೆ ಅರ್ಥವಾಗುತ್ತದೆ. ದೂರದಲ್ಲಿರುವ ಅಜ್ಜ ಅಜ್ಜಿ ನೋಡಬೇಕು, ಅಷ್ಟೇ ತಾನೇ. ಆದರೆ ಸಾರ್ವಜನಿಕವಾಗಿ ಹಾಕಿದ ಫೋಟೋದ ಪ್ರತಿ ಬೇರೆ ಎಷ್ಟೋ ಸರ್ವರುಗಳಿಗೆ ಹೋಗುತ್ತದೆ. ನೀವು ಅಳಿಸಿದರೆ ಆ ಸರ್ವರುಗಳಿಗೆ "ಅಳಿಸಿ" ಅಂತ ಒಂದು ಕೋರಿಕೆ ಹೋಗುತ್ತದೆ. ಅವು ಅಳಿಸಿದವಾ ಅಂತ ನೋಡುವವರು ಯಾರೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಂಟರ್ನೆಟ್ ಅಬ್ಸರ್ವೇಟರಿ 2023ರ ಜುಲೈಯಲ್ಲಿ ಒಂದು ವರದಿ ಕೊಟ್ಟಿತು. ಇಂಥ ಸರ್ವರುಗಳ ಸುಮಾರು 3,25,000 ಪೋಸ್ಟುಗಳನ್ನು ಎರಡು ದಿನ ಪರೀಕ್ಷಿಸಿದಾಗ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದು ಅಂತ ಮೊದಲೇ ಗುರುತಾಗಿದ್ದ ಚಿತ್ರಗಳು 112 ಸಲ ಸಿಕ್ಕವು. ದೊಡ್ಡ ಕಂಪನಿಗಳಲ್ಲಿ ಅಂಥ ಚಿತ್ರಗಳನ್ನು ತಾನಾಗಿ ಹಿಡಿಯುವ ಉಪಕರಣ ಇರುತ್ತದೆ, ಅದಕ್ಕೇ ಅಂತ ಜನ ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಕೂತು ಸರ್ವರ್ ನೋಡುವ ಒಬ್ಬ ಅಡ್ಮಿನ್ ಬಳಿ ಅದೆಲ್ಲ ಎಲ್ಲಿಂದ ಬರಬೇಕು? ನಾನು ಮಗಳ ಮಾತು ಬರೆದೆ, ಅವಳ ಮುಖವನ್ನಾಗಲಿ ಹೆಸರನ್ನಾಗಲಿ ಒಮ್ಮೆಯೂ ಹಾಕಲಿಲ್ಲ. ಅದೊಂದು ಸಮಾಧಾನ ನನಗೆ ಈಗಲೂ ಇದೆ.

ವಯಸ್ಸಿನ ಮಾತೂ ಬಂದಿದೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ದೊಡ್ಡ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಮಕ್ಕಳಿಗೆ ನಮ್ಮ ಸಣ್ಣ ಸರ್ವರಿನಲ್ಲಿ ಖಾತೆ ಮಾಡಿಕೊಡೋಣ, ಅಲ್ಲಿ ಯಾರು ಕೇಳುತ್ತಾರೆ ಅನ್ನುವುದು ಒಬ್ಬರ ಸಲಹೆ. ಬೇಡ. ಯಾರೂ ಕೇಳದ ಜಾಗ ಅನ್ನುವುದೇ ನನ್ನ ಭಯ. ಬ್ರಿಟನ್ನಿನ ಆನ್‌ಲೈನ್ ಸೇಫ್ಟಿ ಕಾಯ್ದೆಯಂತೂ ಸಣ್ಣ ಜಾಗಗಳನ್ನೂ ಬಿಟ್ಟಿಲ್ಲ. ಅಪಾಯದ ಲೆಕ್ಕ ಬರೆದಿಡುವ ಹೊಣೆ ನಡೆಸುವವರ ಮೇಲೆಯೇ. ನಮ್ಮ ಗುಂಪು ಬೇರೆ ಬೇರೆ ದೇಶಗಳಲ್ಲಿ ಹರಡಿದೆ, ಯಾವ ದೇಶದ ಕಾನೂನು ಯಾರ ತಲೆಗೆ ಸುತ್ತಿಕೊಳ್ಳುತ್ತದೋ ಮೊದಲೇ ನೋಡಿಕೊಳ್ಳಬೇಕು. ಹದಿಹರೆಯದ ಮಕ್ಕಳಂತೂ ಹೇಗೂ ಬರುವುದಿಲ್ಲ. ಅವರ ಗೆಳೆಯರು ಎಲ್ಲಿದ್ದಾರೋ ಅವರು ಅಲ್ಲಿ.

ವೀಸಾ, ಕೆಲಸ ಹೋದದ್ದು, ಗಂಡ ಹೆಂಡಿರ ಸಮಸ್ಯೆ, ಮಗುವಿನ ಆರೋಗ್ಯ, ಇಂಥದ್ದನ್ನೆಲ್ಲ ನಾವು ಇಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಅದನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಮಾಸ್ಟೋಡಾನ್‌ನ ಖಾಸಗಿ ಸಂದೇಶಗಳಿಗೆ ವಾಟ್ಸಾಪ್‌ನಂಥ ಗೂಢಲಿಪಿಯ ರಕ್ಷಣೆ ಇಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಅವರು ಓದುವವರಲ್ಲ ಅಂತಲೇ ಇಟ್ಟುಕೊಳ್ಳಿ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಬ್ಬ ಅಡ್ಮಿನ್ ಮನೆಯನ್ನು ಎಫ್‌ಬಿಐ ಶೋಧಿಸಿತು. ಕೇಸಿಗೂ ಸರ್ವರಿಗೂ ಸಂಬಂಧ ಇರಲಿಲ್ಲ. ಆದರೆ ಕೊಂಡೊಯ್ದ ಸಾಮಾನಿನಲ್ಲಿ ಆ ಸರ್ವರಿನ ಡೇಟಾಬೇಸಿನ, ಗೂಢಲಿಪಿಯ ರಕ್ಷಣೆ ಇಲ್ಲದ ಪ್ರತಿಯೂ ಹೋಯಿತು. ಪರಿಚಯದವರೇ ಅಡ್ಮಿನ್ ಆದರೆ ಇನ್ನೊಂದು ಇಕ್ಕಟ್ಟು. ಜಗಳವಾಗಿ ಒಬ್ಬರನ್ನು ತೆಗೆದರೆ ಮುಂದಿನ ವಾರ ಅದೇ ಮುಖವನ್ನು ಎದುರಿಗೆ ನೋಡಬೇಕು.

ಇಷ್ಟೆಲ್ಲ ಹೇಳಿದರೂ ನನ್ನ ಓಟು ಸರ್ವರ್ ಬೇಕು ಅನ್ನುವ ಕಡೆಗೇ. ಕನ್ನಡದಲ್ಲಿ ಬರೆಯಲು, ಪದ ಕೇಳಲು, ಮಕ್ಕಳಿಗೆ ಹೇಗೆ ಕಲಿಸಿದಿರಿ ಅಂತ ಹಂಚಿಕೊಳ್ಳಲು ಅಂಥ ಜಾಗ ನಮಗೆ ಬೇಕು. ದೊಡ್ಡವರಿಗೆ ಮಾತ್ರ ಖಾತೆ, ಮಕ್ಕಳ ಮುಖ ಬೇಡ, ಗುಟ್ಟಿನ ಮಾತು ವಾಟ್ಸಾಪ್‌ನಲ್ಲೇ ಇರಲಿ. ಮಾಸ್ಟೋಡಾನ್‌ನಿಂದಲೇ ಕವಲೊಡೆದ ಹೋಮ್‌ಟೌನ್ ಅನ್ನುವ ತಂತ್ರಾಂಶ ಇದೆ. ಅದರಲ್ಲಿ ಪೋಸ್ಟನ್ನು ನಮ್ಮ ಸರ್ವರಿನೊಳಗೆ ಮಾತ್ರ ಉಳಿಸಿಕೊಳ್ಳಬಹುದು, ಹೊರಗೆ ಹೋಗುವುದೇ ಇಲ್ಲ. ನಮಗೆ ಅದೇ ಸರಿ ಅನ್ನಿಸುತ್ತದೆ.

ನಡೆಸುವುದಕ್ಕೆ ಮಾಸ್ಟೋಡಾನ್‌ನವರೇ ಒಂದು ಕಟ್ಟಳೆ ಮಾಡಿದ್ದಾರೆ. ಅವರ ಅಧಿಕೃತ ಪಟ್ಟಿಯಲ್ಲಿ ಸೇರಬೇಕಾದ ಸರ್ವರ್ ದಿನಾ ಬ್ಯಾಕಪ್ ಮಾಡಬೇಕು, ಕನಿಷ್ಠ ಇನ್ನೊಬ್ಬರ ಬಳಿ ತುರ್ತಿಗೆ ಸರ್ವರಿನೊಳಗೆ ಹೋಗುವ ಕೀಲಿ ಇರಬೇಕು, ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ಹೇಳಬೇಕು. ನಮ್ಮ ಹಳೆಯ ಸರ್ವರಿನಲ್ಲಿ ಕೀಲಿ ಒಬ್ಬರ ಬಳಿಯೇ ಇತ್ತು, ನಮಗೆ ಸಿಕ್ಕಿದ್ದು ಒಂದೇ ತಿಂಗಳು. ನಾವು ಪಟ್ಟಿಗೆ ಸೇರದಿದ್ದರೂ ಈ ಕಟ್ಟಳೆ ಇಟ್ಟುಕೊಳ್ಳೋಣ. ಎರಡರ ಬದಲು ಮೂರು ಜನರ ಬಳಿ ಕೀಲಿ ಇರಲಿ. ಪ್ರತಿ ತಿಂಗಳು ಪೂರ್ತಿ ಮಾತುಕತೆ, ಉತ್ತರಗಳೂ ಸೇರಿ, ಸರಳ ಪಠ್ಯವಾಗಿ ಒಂದು ಕಡೆ ಇಳಿಯಲಿ. ಯಾರಾದರೂ ತಮ್ಮ ಮಾತು ಅದರಲ್ಲಿ ಬೇಡ ಅಂದರೆ ತೆಗೆಯೋಣ.

ಬ್ಯಾಕಪ್ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ತೆರೆದು, ಸರಿಯಾಗಿ ಬಂದಿದೆಯಾ ಅಂತ ನೋಡಿ, ಇಲ್ಲಿ ತಿಳಿಸುತ್ತೇನೆ. ಇನ್ನಿಬ್ಬರು ಬೇಕು. ಒಬ್ಬರು ಅಪ್‌ಡೇಟ್ ನೋಡಿಕೊಳ್ಳಲು, ಒಬ್ಬರು ದೂರುಗಳಿಗೆ. ಕನಿಷ್ಠ ಎರಡು ವರ್ಷ ಮಾಡುತ್ತೇನೆ ಅನ್ನುವವರು ಇದರ ಕೆಳಗೆ ಬರೆಯಿರಿ. ಮೂವರು ಆಗುವ ತನಕ ಸರ್ವರ್ ಶುರುಮಾಡುವುದು ಬೇಡ.