ಪದಚರ್ಚೆ: ‘ಬೋ ಪ್ರೆಶರ್’ಗೆ ಚೀಟಿಯಲ್ಲಿ ಹಿಡಿಯುವಂಥ ಮಾತು ಬೇಕು

ಶಿರಸಿಯಿಂದ:
ಕಂಪ್ಯೂಟರಿನ ಪಿಟೀಲನ್ನು ಫೇಡರ್‌ಗಳಿಂದ (ಮೇಲೆ ಕೆಳಗೆ ಸರಿಸುವ ಗುಂಡಿಗಳಿಂದ) ನುಡಿಸುವ ಪೆಟ್ಟಿಗೆಯೊಂದಕ್ಕೆ ಕನ್ನಡ ಚೀಟಿ ಅಂಟಿಸಬೇಕು. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ. ಫೇಡರ್ ನಾಲ್ಕು: ಕಮಾನಿನ ವೇಗ, ಅದನ್ನು ತಂತಿಗೆ ಒತ್ತುವ ಬಲ (ಬೋ ಪ್ರೆಶರ್), ಕುದುರೆಯಿಂದ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನಿಂದ) ಇರುವ ದೂರ, ಕೊನೆಯದು ವಾದ್ಯ-ಕಂಪ್ಯೂಟರುಗಳ ನಡುವಿನ ಸಂಕೇತ ಭಾಷೆಯಾದ ಮಿಡಿಯ 11ನೇ ಕಂಟ್ರೋಲರ್, ಎಕ್ಸ್‌ಪ್ರೆಶನ್. ಚೀಟಿಯ ಅಗಲ 18 ಮಿ.ಮೀ., ನಾಲ್ಕು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ‘ವೇಗ’, ‘ದೂರ’ ಆಯಿತು. ‘ಒತ್ತಡ’, ‘ಅಭಿವ್ಯಕ್ತಿ’ ಎರಡೂ ಒಗ್ಗುತ್ತಿಲ್ಲ. ಮೇಲಿನ ತಲೆಬರಹದಲ್ಲಿ ಆ ಕ್ಷಣದಲ್ಲೇ ಎಂಬ ಅರ್ಥದ ‘ರಿಯಲ್‌ಟೈಮ್’ ಇದೆ, ಅದಕ್ಕೆ ‘ನೈಜ ಸಮಯ’ ಸಾಕೇ?

ಕುಮಟಾದಿಂದ:
‘ಅಭಿವ್ಯಕ್ತಿ’ ತಪ್ಪು. 11 ಮಾಡುವ ಕೆಲಸ ಇಷ್ಟೇ: 7ನೇ ಕಂಟ್ರೋಲರಿನಲ್ಲಿ ಗೊತ್ತುಮಾಡಿದ ದನಿಮಟ್ಟವನ್ನು ಗರಿಷ್ಠವೆಂದು ಹಿಡಿದು, ಅದರೊಳಗೆ ಏರಿಸಿ ಇಳಿಸುವುದು. ನಾದದ ಬಣ್ಣ ಬದಲಾಗುವುದಿಲ್ಲ. ಬಣ್ಣ ಬದಲಾಗುವುದು ಹೆಚ್ಚಿನ ಸ್ಯಾಂಪಲ್ ಪಿಟೀಲುಗಳಲ್ಲಿ (ನಿಜವಾದ ಪಿಟೀಲಿನ ಧ್ವನಿಮುದ್ರಣಗಳಿಂದ ಕಟ್ಟಿದವುಗಳಲ್ಲಿ) 1ನೇ ಕಂಟ್ರೋಲರಿನಿಂದ. ಮೆಲ್ಲಗೆ ನುಡಿಸಿದ ಧ್ವನಿಮುದ್ರಣದಿಂದ ಜೋರಾಗಿ ನುಡಿಸಿದ್ದಕ್ಕೆ ಅದು ದಾಟಿಸುತ್ತದೆ, ನಡುವೆ ನಿಲ್ಲಿಸಿದರೆ ಒಂದು ಪಿಟೀಲು ಎರಡಾಗಿ ಕೇಳುತ್ತದೆ. 11ಕ್ಕೆ ‘ಏರಿಳಿತ’ ಎಂದು ಹಾಕಿ. ಒತ್ತಡ ಬೇಡ, ‘ಅದುಮು’ ಸಾಕು. ಇನ್ನು ‘ಕಮಾನು’ ಪಾರ್ಸಿ ಮಾತು. ಅಚ್ಚಗನ್ನಡದ ‘ಬಿಲ್ಲು’ ಇರುವಾಗ ಅದೆಂತಕ್ಕೆ?

ಕಾರವಾರದಿಂದ:
ಪಾರ್ಸಿಯೆಂದು ಕಮಾನನ್ನು ಎಸೆದರೆ ಪಿಟೀಲಿನ ಗತಿ ಏನು ಮಾರಾಯ್ರೆ? ‘ಫಿಡಲ್’ ಕನ್ನಡದ ಬಾಯಲ್ಲಿ ಉರುಳಿ ಫ ಪ ಆಗಿ, ಡ ಟ ಆಗಿ ಪಿಟೀಲಾಯಿತು. ಈ ಕರಾವಳಿಯಲ್ಲಿ ಚಾವಿ, ಬಟಾಟೆ, ಪಗಾರ ಮೂರೂ ಪೋರ್ತುಗೀಸರಿಂದ ಬಂದವು, ಯಾರ ಮನೆಯಲ್ಲೂ ಪರಕೀಯವಾಗಿಲ್ಲ. ‘ಬಿಲ್ಲು’ ಎಂದರೆ ಒಬ್ಬನಿಗೆ ಅಂಗಡಿಯ ಬಿಲ್ಲು, ಇನ್ನೊಬ್ಬನಿಗೆ ರಾಮನ ಬಿಲ್ಲು. ಕಲಿಸುವವರು ಹೇಳುವುದು ಕಮಾನು ಅಥವಾ ಬೋ.

ಕುಮಟಾದಿಂದ:
ಬಳಕೆ ಬೇರೆ, ಸರಿ ಬೇರೆ.

ಯಲ್ಲಾಪುರದಿಂದ:
ಬಿಲ್ಲು-ಕಮಾನು ಆಮೇಲೆ ನೋಡೋಣ, ಚೀಟಿಯಲ್ಲಿ ಎರಡೂ ಬರುವುದಿಲ್ಲ. ‘ಅದುಮು’ ನನಗೆ ಒಪ್ಪಿಗೆಯಿಲ್ಲ. ಅದುಮುವುದೆಂದರೆ ಕೆಳಕ್ಕೆ ಹಿಸುಕುವುದು, ಈ ಫೇಡರಿನಲ್ಲಿ ಅದು ಮೇಲಿನ ತುದಿಯೊಂದಕ್ಕೆ ಮಾತ್ರ ಹೊಂದುತ್ತದೆ. ಕಮಾನಿನ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಪ್ರತಿ ಕಂಪನಕ್ಕೆ ಒಂದೇ ಸಲ. ಬಲ ಕಡಿಮೆಯಾದರೆ ಒಂದೇ ಕಂಪನದಲ್ಲಿ ಎರಡು ಮೂರು ಸಲ ಜಾರಿ ನಾದ ಪೊಳ್ಳಾಗುತ್ತದೆ. ಹೆಚ್ಚಾದರೆ ಹೊತ್ತಿಗೆ ಸರಿಯಾಗಿ ಬಿಡದೆ ಗರಗರ ಎನ್ನುತ್ತದೆ. ಈ ಎರಡು ಎಲ್ಲೆಗಳನ್ನು ಸಂಶೋಧಕ ಜಾನ್ ಶೆಲೆಂಗ್ 1973ರಲ್ಲಿ ಲೆಕ್ಕ ಹಾಕಿ ಕೊಟ್ಟಿದ್ದಾರೆ: ವೇಗ ಹಾಗೇ ಇದ್ದು ಕುದುರೆಯಿಂದ ದೂರ ಅರ್ಧಕ್ಕಿಳಿದರೆ ಗರಿಷ್ಠ ಬಲ ಇಮ್ಮಡಿ, ಕನಿಷ್ಠ ಬಲ ನಾಲ್ಮಡಿ. ಕುದುರೆಯ ಹತ್ತಿರ ಹೋದಷ್ಟೂ ಈ ಎರಡರ ನಡುವಿನ ಕಿಂಡಿ ಕಿರಿದಾಗುತ್ತದೆ. ವೇಗ ಏರಿಸಿದರೆ ಎರಡು ಎಲ್ಲೆಯೂ ಏರುತ್ತವೆ. ಭೌತ ಮಾದರಿಯ (ಧ್ವನಿಮುದ್ರಣದ ಬದಲು ತಂತಿ, ಕಮಾನುಗಳ ಚಲನೆಯನ್ನೇ ಲೆಕ್ಕ ಹಾಕುವ) ಪಿಟೀಲಿನಲ್ಲಿ ‘ದೂರ’ವನ್ನು ಇಳಿಸಿ ಬಲವನ್ನು ಇದ್ದಲ್ಲೇ ಬಿಟ್ಟವರ ಸ್ವರ ಒಡೆಯುವುದು ಇದರಿಂದಲೇ.

ಹಗುರದಿಂದ ಬಿಗಿಯವರೆಗೆ ಇಡೀ ಹಾದಿಗೆ ಹೊಂದುವ ಮಾತು ‘ಒತ್ತು’. ‘ಒತ್ತಡ’ ವಿಜ್ಞಾನದ ಪುಸ್ತಕದಲ್ಲಿ ವಿಸ್ತೀರ್ಣದ ಮೇಲಿನ ಬಲ, ಇಲ್ಲಿರುವುದು ಬರೀ ಬಲ. ಇಂಗ್ಲಿಷಿನ ಪ್ರೆಶರ್ ಕೂಡ ಇಲ್ಲಿ ಸಡಿಲ ಮಾತೇ.

ಕುಮಟಾದಿಂದ:
ಒತ್ತು ಎಂದರೆ ನಾಗಸ್ವರದ ಜೊತೆ ಶ್ರುತಿ ಹಿಡಿಯುವ ಕೊಳವೆ. ಸಂಗೀತದ ಪೆಟ್ಟಿಗೆಯ ಮೇಲೆ ಅದನ್ನೇ ಬರೆಯುತ್ತೀರಾ?

ಯಲ್ಲಾಪುರದಿಂದ:
ಬರೆಯುತ್ತೇನೆ. ಕುದುರೆ ಎಂದು ಬರೆದರೆ ಯಾರೂ ಲಾಯ ಹುಡುಕುವುದಿಲ್ಲ.

‘ನೈಜ ಸಮಯ’ ಬೇಡ, ಕನ್ನಡದಲ್ಲಿ ಸಮಯ ಸುಳ್ಳಾಗುವುದಿಲ್ಲ. ‘ತಡವಿಲ್ಲದೆ’ ಎಂಬುದೂ ಸುಳ್ಳು: ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಅಳತೆ) ದರದಲ್ಲಿ 256 ಸ್ಯಾಂಪಲ್‌ಗಳನ್ನು ಒಟ್ಟುಮಾಡಿ ಕಳಿಸುವ ಬಫರ್ ಒಂದಕ್ಕೇ 5.8 ಮಿಲಿಸೆಕೆಂಡ್ ಹೋಗುತ್ತದೆ. ‘ನುಡಿಸುತ್ತಲೇ’ ಎನ್ನಿ. ವಾದ್ಯವನ್ನು ನುಡಿಸುವುದು ಎನ್ನುವ ಭಾಷೆ ನಮ್ಮದು, ಅದನ್ನು ಬಿಟ್ಟು ಸಾಲಕ್ಕೆ ಹೋಗುವುದು ಬೇಡ.

ಚೀಟಿಗೆ ಸೇರದ ಎರಡು ಮಾತು. ಕೀಬೋರ್ಡಿನ ಕೀಲಿಯ ವೆಲಾಸಿಟಿಯನ್ನು (ಅದನ್ನು ಬಡಿದ ವೇಗವನ್ನು) ಒತ್ತಿಗೆ ಜೋಡಿಸಬೇಡಿ. ಅದು ಬಡಿದ ಕ್ಷಣಕ್ಕೇ ಗಟ್ಟಿಯಾಗುತ್ತದೆ, ಕಮಾನು ಆಮೇಲೂ ಓಡುತ್ತಿರುತ್ತದೆ. ಫೇಡರಿಗೆ 0ಯಿಂದ 127ರವರೆಗೆ 128 ಮೆಟ್ಟಿಲು ಮಾತ್ರ. ನಿಧಾನವಾಗಿ ಏರಿಸುವಾಗ ಮೆಟ್ಟಿಲು ಕಿವಿಗೆ ತಾಗುತ್ತದೆ, ಪ್ರತಿ ಮೆಟ್ಟಿಲನ್ನು 10–20 ಮಿಲಿಸೆಕೆಂಡಿನಷ್ಟು ಹೊತ್ತು ಹರಡಿ ನುಣುಪು ಕೊಡಿ.

ಕಾರವಾರದಿಂದ:
‘ನುಡಿಸುತ್ತಲೇ’ ಬಹಳ ಚಂದ. ಒತ್ತಿಗೂ ನನ್ನ ಹೂಂ.

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ವೇಗ, ಒತ್ತು, ದೂರ, ಏರಿಳಿತ ಎಂದು ಕಳಿಸುತ್ತಿದ್ದೇನೆ. ತಲೆಬರಹ ‘ನುಡಿಸುತ್ತಲೇ ಪಳಗಿಸುವ ಕಮಾನು ವಾದ್ಯ’.

ಕುಮಟಾದಿಂದ:
ಏರಿಳಿತ ಉಳಿದದ್ದು ಒಳ್ಳೆಯದು. ‘ಕಮಾನು’ ಅಚ್ಚಾಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಯಲ್ಲಾಪುರದಿಂದ:
‘ದೂರ’ದ ಫೇಡರಿಗೆ ಕೆಳತುದಿಯಲ್ಲಿ ‘ಕುದುರೆ’ ಎಂದು ಸಣ್ಣಗೆ ಬರೆಸಿ. ಇಲ್ಲದಿದ್ದರೆ 0 ಯಾವ ಕಡೆಯದೆಂದು ಗೊತ್ತಾಗದೆ ತಿರುವುಮುರುವಾಗಿ ನುಡಿಸುತ್ತಾರೆ.