ಈಶೆಲ್‌ನಲ್ಲಿ > ಹಾಕಿದರೆ ಕಡತ ಕಾಣೋದಿಲ್ಲ: ಗುಂಪಿನ ಪ್ರಶ್ನೋತ್ತರ

ಸಾಗರ: ಸರ್, ಇಮ್ಯಾಕ್ಸ್ ಎಡಿಟರ್ 29. ಹಳೇ ಅಡಿಕೆ ಧಾರಣೆ ಪಟ್ಟಿ ಜೋಡಿಸೋ ಸ್ಕ್ರಿಪ್ಟು. ಇಮ್ಯಾಕ್ಸ್ ಒಳಗೇ ಆದೇಶ ಓಡಿಸೋ ಈಶೆಲ್‌ನಲ್ಲಿ
ಪೈಥಾನ್3 ಧಾರಣೆ.ಪಿವೈ > ರಾಶಿ.ಟಿಎಕ್ಸ್‌ಟಿ
ಅಂತ ಕೊಟ್ಟೆ, ಔಟ್‌ಪುಟ್ಟು ಕಡತಕ್ಕೆ ಹೋಗಲಿ ಅಂತ. ಮೂರು ತಾಸು ಓಡಿತು, ಡಿಸ್ಕಲ್ಲಿ ಕಡತವೇ ಇಲ್ಲ. ಮಳೆಗೆ ಕರೆಂಟು ಹೋಯ್ತು, ಫಲಿತಾಂಶವೂ ಹೋಯ್ತು. ಎಂತಕ್ಕೆ?

ಉತ್ತರ: ಇದು ನಿಜಕ್ಕೂ ಚಿಂತೆಯ ವಿಷಯ, ಪೂರ್ತಿ ಓದಿ. ಲಿನಕ್ಸಲ್ಲಿ ಸಾಮಾನ್ಯವಾಗಿ ಬಳಸುವ ಶೆಲ್ (ಆದೇಶ ಓಡಿಸುವ ಪ್ರೋಗ್ರಾಂ) ಬ್ಯಾಷ್, > ಕಂಡ ಕೂಡಲೇ ಕಡತ ತೆರೆದು ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಈಶೆಲ್ ಹಾಗಲ್ಲ. ಅದು ಕಡತವನ್ನು ಇಮ್ಯಾಕ್ಸ್ ಬಫರ್ (ಮೆಮೊರಿಯಲ್ಲಿನ ಪ್ರತಿ) ಆಗಿ ತೆರೆದು, ಬಂದ ಸಾಲನ್ನೆಲ್ಲ ಅದರಲ್ಲಿ ತುಂಬಿಸಿ, ಪ್ರೋಗ್ರಾಂ ಮುಗಿದ ಮೇಲೆ ಉಳಿಸುತ್ತದೆ. ಅಲ್ಲಿಯವರೆಗೆ ಎಲ್ಲ ಮೆಮೊರಿಯಲ್ಲಿ. ಇನ್ನೊಂದು ತೊಂದರೆ: ಉಳಿಸುವಾಗ ನಿಮ್ಮ ಸೇವ್ ಹುಕ್‌ಗಳೂ (ಉಳಿಸುವಾಗ ತಾನಾಗಿ ನಡೆಯಲು ಇಟ್ಟ ಆದೇಶಗಳು) ಓಡುತ್ತವೆ. ಸಾಲಿನ ಕೊನೆಯ ಖಾಲಿ ಜಾಗ ಅಳಿಸುವ ಹುಕ್ ಇದ್ದರೆ ಔಟ್‌ಪುಟ್ಟೂ ಬದಲಾಗುತ್ತದೆ. ಟಾರ್, ಜಿಜಿಪ್‌ನಂಥ ಕಡತ ಕಟ್ಟುವ, ಕುಗ್ಗಿಸುವ ಪ್ರೋಗ್ರಾಮಿನ ಔಟ್‌ಪುಟ್ಟನ್ನಂತೂ ಈ ದಾರಿಯಲ್ಲಿ ಕಳಿಸಲೇಬೇಡಿ, ಅಕ್ಷರ ಸಂಕೇತ ಪರಿವರ್ತನೆಯಲ್ಲಿ ಬೈಟು ಕೆಡಬಹುದು.

29ರಲ್ಲಿ > ಮುಂದೆ ನಕ್ಷತ್ರ ಹಾಕಿ:
ಪೈಥಾನ್3 -ಯು ಧಾರಣೆ.ಪಿವೈ *> ರಾಶಿ.ಟಿಎಕ್ಸ್‌ಟಿ 2>&1
ಇಡೀ ಸಾಲು ಸಿಸ್ಟಮ್ಮಿನ ಶೆಲ್‌ಗೆ ಹೋಗುತ್ತದೆ. 2>&1 ಅಂದರೆ ಎರರ್ ಸಂದೇಶವೂ ಅದೇ ಕಡತಕ್ಕೆ. ಈಶೆಲ್ ಅಲಿಯಾಸ್, ಲಿಸ್ಪ್ ಆದೇಶ ಅಲ್ಲಿ ನಡೆಯವು. -ಯು ಬಿಡಬೇಡಿ. ಕಡತಕ್ಕೆ ಬರೆಯುವಾಗ ಪೈಥಾನ್ ತನ್ನ ಬಫರ್ ತುಂಬುವವರೆಗೆ ಹಿಡಿದಿಡುತ್ತದೆ, ಆಗಲೂ ಕಡತ ಖಾಲಿ ಕಾಣುತ್ತದೆ. ಹೋದದ್ದಕ್ಕೆ: ಅದೇ ಫೋಲ್ಡರಲ್ಲಿ #ರಾಶಿ.ಟಿಎಕ್ಸ್‌ಟಿ# ಇದೆಯಾ ನೋಡಿ, ಆಟೋಸೇವ್ ಆಗಿದ್ದರೆ ಸ್ವಲ್ಪ ಸಿಕ್ಕೀತು.

ಭದ್ರಾವತಿ: ಸಾರ್ಟ್ < ಹೆಸರು ಅಂದ್ರೆ ಎರರ್.

ಉತ್ತರ: ಕಡತದಿಂದ ಇನ್‌ಪುಟ್ ಓದಿಸುವ < ಈಶೆಲ್‌ಗೆ ಬರೋದಿಲ್ಲ. ಕ್ಯಾಟ್ ಹೆಸರು | ಸಾರ್ಟ್. 29 ಇದ್ದರೆ *< ಕೂಡ ಆದೀತು.

ಸೊರಬ: ವಿಂಡೋಸಲ್ಲಿ ಔಟ್‌ಪುಟ್ಟಿನ ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗ್ತಿದೆ ಸರ್.

ತೀರ್ಥಹಳ್ಳಿ: ಫಾರ್ವರ್ಡ್ ಬಂದಿದೆ. ಕಡತ ಬರದಿದ್ದರೆ ಮನೆ ಫೋಲ್ಡರಿಗೆ ಚ್ಮೋಡ್ -ಆರ್ 777 ಹೊಡೀಬೇಕಂತೆ. ಹೊಡೀಲಾ?

ಉತ್ತರ: ಬೇಡ! ಇದು ಅನುಮತಿಯ ಸಮಸ್ಯೆಯೇ ಅಲ್ಲ. 777 ಅಂದರೆ ಎಲ್ಲರಿಗೂ ಎಲ್ಲ ಅನುಮತಿ; ಹಾಗೆ ಮಾಡಿದರೆ ನಿಮ್ಮ ಖಾಸಗಿ ಕೀಲಿ ಎಲ್ಲರಿಗೂ ತೆರೆದಿದೆ ಅಂತ ಎಸ್‌ಎಸ್‌ಹೆಚ್ (ದೂರದ ಸರ್ವರಿಗೆ ಲಾಗಿನ್ ಮಾಡಿಸುವ ಪ್ರೋಗ್ರಾಂ) ಅದನ್ನು ಮುಟ್ಟುವುದಿಲ್ಲ, ಸರ್ವರಿಗೆ ಲಾಗಿನ್ ನಿಂತು ಹೋಗುತ್ತದೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಶಿಕಾರಿಪುರ: 28ರಲ್ಲಿ 2>&1 ಕೆಲಸ ಮಾಡ್ತಿಲ್ಲ.

ಉತ್ತರ: 29ರಲ್ಲಿ ಬಂದದ್ದು. 28ರಲ್ಲಿ ಎಸ್‌ಹೆಚ್ -ಸಿ '...' ಒಳಗೆ ಇಡೀ ಸಾಲು ಬರೆಯಿರಿ. > ಮೊದಲು, 2>&1 ಆಮೇಲೆ. ತಿರುಗಿಸಿದರೆ ಎರರ್ ಪರದೆಗೇ ಬರುತ್ತದೆ.

ಹೊಸನಗರ: ಇಷ್ಟೆಲ್ಲ ಒದ್ದಾಟ ಎಂತಕ್ಕೆ ಮಾರಾಯ್ರೆ? ಇಮ್ಯಾಕ್ಸಲ್ಲೇ ಎಮ್-ಎಕ್ಸ್ ಶೆಲ್ ತೆಗೀರಿ, ಒಳಗೆ ಬ್ಯಾಷಿನಂಥ ಸಿಸ್ಟಮ್ಮಿನ ಶೆಲ್ಲೇ ಓಡ್ತದೆ.

ಕೊಪ್ಪ: ಈಶೆಲ್‌ನಲ್ಲಿ ಔಟ್‌ಪುಟ್ಟನ್ನ ನೇರ ಬಫರಿಗೆ ಕಳಿಸಬಹುದು, >>> ಹಾಕಿದರೆ ಕರ್ಸರ್ ಇರೋ ಜಾಗಕ್ಕೇ ಸೇರಿಸ್ತದೆ. ನಿಮ್ಮ ಶೆಲ್‌ನಲ್ಲಿ ಆಗ್ತದಾ?

ಹೊಸನಗರ: ಮೂರು ತಾಸಿನ ಕೆಲಸಕ್ಕೆ ಅದು ಯಾರಿಗೆ ಬೇಕು?

ಕೊಪ್ಪ: ಬಳಸದೇ ಮಾತಾಡಬೇಡಿ.

ಉತ್ತರ: ಇಬ್ಬರೂ ಬೇರೆ ಕಡೆ ವಾದ ಮಾಡಿ. ದೊಡ್ಡ ಕೆಲಸಕ್ಕೆ ಹೊಸನಗರದವರ ಮಾತೂ ಸರಿಯೇ.

ರಿಪ್ಪನ್‌ಪೇಟೆ: ಸರ್, < ಹಾಕಿದರೆ ಎರರ್...

ಉತ್ತರ: ಮೇಲೆ ಓದಿ.

ಸಾಗರ: *> ಹಾಕಿದೆ, ಕಡತ ಬೆಳೆಯೋದನ್ನ ತೋರಿಸೋ ಟೇಲ್ -ಎಫ್‌ನಲ್ಲಿ ಸಾಲು ಬರ್ತಾ ಇದೆ. ಆಟೋಸೇವ್ ಕಡತದಲ್ಲಿ ಅರ್ಧ ಸಿಕ್ತು.

ಸೊರಬ: ಕನ್ನಡದ್ದು ಕೇಳಿದ್ನಲ್ಲ ಸರ್?