ಕೀಲುಳ್ಳ ಲೂರ್: ದೂರದ ಎಸೆತ ಮತ್ತು ಒಳ್ಳೆಯ ಈಜು ಒಟ್ಟಿಗೆ ಸಾಧ್ಯವೇ?

ಪ್ರಶ್ನೆ: ಅಳಿವೆಯಲ್ಲಿ ಬ್ಯಾರಮುಂಡಿ ಮೀನು ಹಿಡಿಯಲೆಂದು ಮರದಲ್ಲಿ 15 ಸೆಂ.ಮೀ. ಉದ್ದದ, ಒಂದೇ ಕೀಲಿನ ಲೂರ್ (ಮೀನನ್ನು ಸೆಳೆಯುವ ಕೃತಕ ಮೀನು) ಕೆತ್ತಿದ್ದೇನೆ. ನೀರಿನಲ್ಲಿ ಚೆನ್ನಾಗಿ ಬಳುಕುವ ಅದು ಎಸೆದಾಗ ಗಾಳಿಯಲ್ಲಿ ಮಡಚಿಕೊಂಡು ಹತ್ತಿರದಲ್ಲೇ ಬೀಳುತ್ತದೆ. ಬಾಲಕ್ಕೆ ಸೀಸ ತುಂಬಿದರೆ ದೂರ ಹೋಗುತ್ತದೆ, ಆದರೆ ಬಳುಕು ನಿಂತುಹೋಗುತ್ತದೆ. ಏನು ಮಾಡಬಹುದು?

ಉತ್ತರ 1: ದಾರವು ಮೂತಿಯನ್ನು ಹಿಂದಕ್ಕೆ ಜಗ್ಗುವುದರಿಂದ ಲೂರ್ ಬಾಲ ಮುಂದಾಗಿ ಹಾರಲು ನೋಡುತ್ತದೆ, ಹಗುರವಾದ ಹಿಂಭಾಗವು ಆ ಒತ್ತಡಕ್ಕೆ ಮಡಚಿಕೊಂಡರೆ ಗಾಳಿಯ ತಡೆ ಹೆಚ್ಚಿ ವೇಗ ಕುಸಿಯುತ್ತದೆ. ಆದ್ದರಿಂದ ಕೀಲನ್ನು ನಡುವಿಗಿಂತ ಹಿಂದಕ್ಕೆ ಸರಿಸಿ, ಮುಂಭಾಗದೊಳಗೇ ಒಂದು ಕೊಳವೆ ಕೊರೆದು, ಎಸೆಯುವಾಗ ಕೀಲಿನವರೆಗೆ ಉರುಳಿ ಎಳೆಯುವಾಗ ಮುಂದಕ್ಕೆ ಮರಳುವ ಗುಂಡನ್ನು ಅದರಲ್ಲಿಡಿ. ಕೀಲಿನ ಎರಡೂ ಬದಿಯ ಓರೆಗಳನ್ನು ಕಡಿಮೆ ಕೆತ್ತಿದರೆ ಮಡಚುವ ಕೋನವೂ ತಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರು ಈ ಕೋನವನ್ನು ಅನಗತ್ಯವಾಗಿ ದೊಡ್ಡದಾಗಿಸುತ್ತಾರೆ.

ಉತ್ತರ 2: ಮೇಲಿನ ಸಲಹೆ ಸರಿ. ಗುಂಡನ್ನು ಮುಂದೆ ಹಿಡಿದಿಡಲು ಪುಟ್ಟ ಅಯಸ್ಕಾಂತ ಬಳಸುವುದಾದರೆ ಉಕ್ಕಿನ ಗುಂಡೇ ಬೇಕು, ಏಕೆಂದರೆ ಸೀಸವು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಸ್ಥಿರವಾದ ಸೀಸವನ್ನು ಹೊಟ್ಟೆಯ ತೀರಾ ಕೆಳಗಿಡಿ. ಸೀಸ ಮೇಲಕ್ಕೆ ಬಂದಷ್ಟೂ ಲೂರ್ ಪಕ್ಕಕ್ಕೆ ವಾಲುತ್ತದೆ.

ಪ್ರಶ್ನೆ ಕೇಳಿದವರು: ಹಿಂಭಾಗಕ್ಕೆ ಭಾರವೇ ಬೇಡವೇ?

ಉತ್ತರ 1: ಬಾಲ ಮೇಲಕ್ಕೇಳದಷ್ಟು ಮಾತ್ರ ಸಾಕು. ಆದರೆ ಬಣ್ಣ ಹಚ್ಚುವ ಮೊದಲು ಗಾಳ, ಉಂಗುರಗಳನ್ನೆಲ್ಲ ತೊಡಿಸಿಯೇ ತೊಟ್ಟಿಯಲ್ಲಿ ತೇಲಿಸಿ ನೋಡಿ. ಅವುಗಳ ತೂಕವೂ ಈ ಲೆಕ್ಕಕ್ಕೆ ಸೇರುತ್ತದೆ.